ಉಲ್ಟಾ ಮೆಣಸಿನಕಾಯಿ

ಬೆಳಗ್ಗೆಯಿಂದ ಒಂದು ಚೂಡಿದಾರದ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿಕೊಂಡು ಕೂತಿದ್ದೇನೆ. ಮಂಡಿಯವರೆಗೂ ಗದ್ದೆ ಕೆಸರಿನ ಕಲೆ. ಸೋಪು, ಬ್ರಶ್ಶು, ನಿಂಬೆಹಣ್ಣು, ಯಾವುದಕ್ಕೂ ಜಗ್ಗುತ್ತಿಲ್ಲ. ಹೈಸ್ಕೂಲಿನ ವಿಜ್ಞಾನದ ಟೀಚರಿಗೆ ಇದೇನು ಅವತಾರ ಎಂದು ನೀವು ಕೇಳಲಿ ಅಂತಲೇ ಹೇಳುತ್ತಿದ್ದೇನೆ ಅನ್ನಿ.

ಏರೋಪ್ಲೇನ್ ಚಿಟ್ಟೆ ನಿಮಗೆ ಗೊತ್ತು. ಅದರ ಬಳಗದಲ್ಲೇ ಸೂಜಿಯಷ್ಟು ತೆಳ್ಳನೆಯದೊಂದು ಇದೆ. ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಪುಸ್ತಕದವರು ಡ್ಯಾಮ್ಸೆಲ್‌ಫ್ಲೈ ಎನ್ನುತ್ತಾರೆ, ನಾನು ಸೂಜಿಚಿಟ್ಟೆ ಅಂತೀನಿ. ಅದರ ಫೋಟೋ ಬೇಕಾದರೆ ಬದುವಿನ ಮೇಲೆ ಮಂಡಿಯೂರಿ ಉಸಿರು ಬಿಗಿಹಿಡಿಯಬೇಕು. ನಾನು ನಾಗಮಂಗಲದ ಕಡೆಯ ರಾಗಿಹೊಲದವಳು. ನಾಲೆ ನೀರು, ಭತ್ತದ ಗದ್ದೆ ಎಲ್ಲ ಬಾಬುರಾಯನಕೊಪ್ಪಲಿಗೆ ಸೊಸೆಯಾಗಿ ಬಂದ ಮೇಲೆ ಕಂಡದ್ದು. ಬಂದ ವರ್ಷವೇ ಬದುವಿನಿಂದ ಜಾರಿ ಬಿದ್ದು ಊರಿಗೆಲ್ಲ ಪರಿಚಯವಾದೆ.

ಎರಡು ವರ್ಷದ ಹಿಂದೆ ಈ ಹುಚ್ಚು ತಲೆಗೇರಿತ್ತು. ಭಾನುವಾರ ಬಂದರೆ ಕರಿಘಟ್ಟದ ಕೆಳಗೆ ಲೋಕಪಾವನಿಯ ದಡ, ಇಲ್ಲವೇ ಗೋವಿಂದನಹಳ್ಳಿ ಕಡೆಯ ಕೆರೆ. ನಮ್ಮ ಸೀಮೆಯ ಸೂಜಿಚಿಟ್ಟೆಗಳ ಚಾರ್ಟು ಮಾಡಿ ಶಾಲೆಯ ಗೋಡೆಗೆ ಹಾಕಬೇಕು ಅನ್ನುವುದು ಆಸೆ. ಹದಿನಾರು ಬಗೆ ಸಿಕ್ಕಿದ್ದವು. ಕೊನೆಯ ಎರಡು ನಮ್ಮ ಗದ್ದೆಯಲ್ಲೇ: ಒಂದು ಕಿತ್ತಳೆಗೆಂಪು, ಪಕ್ಕದ ಹುಲ್ಲಿನಲ್ಲಿ ಕೂತದ್ದು ಪಾಚಿಹಸಿರು.

ಅಚ್ಚಿಗೆ ಕೊಡಲು ಇನ್ನೊಂದು ವಾರವಿತ್ತು. ನಮ್ಮತ್ತೆ ಚಿಕ್ಕತಾಯಮ್ಮ ಬೆಳ್ಳುಳ್ಳಿ ಬಿಡಿಸುತ್ತಾ ನನ್ನ ಲ್ಯಾಪ್‌ಟಾಪಿನೊಳಗೆ ಬಗ್ಗಿ ನೋಡಿದರು.

"ಇದ್ಯಾಕಮ್ಮಿ, ಒಂದ್ನೇ ಎಲ್ಡ್ ಕಿತ ಆಕಿದ್ದೀಯೆ?"

"ಒಂದಲ್ಲ ಅತ್ತೆ, ಬೇರೆ ಬೇರೆ. ಬಣ್ಣ ನೋಡಿ."

"ಬಣ್ಣ ಏನ್ ನೋಡೀಯೆ ಬುಡು. ಇದು ಉಲ್ಟಾ ಮೆಣ್ಸಿನ್ಕಾಯಿ ಕಣವ್ವ. ಮೆಣ್ಸಿನ್ಕಾಯಿ ಅಸ್ರಿದ್ದು ಅಣ್ಣಾದ್ರೆ ಕೆಂಪಾಯ್ತದೆ. ಇದು ಕೆಂಪಿದ್ದು, ಬಲ್ತ್ ಮ್ಯಾಕೆ ಅಸ್ರಾಯ್ತದೆ. ಕಳೆ ಕೀಳೋರೆಲ್ಲ ಅಂಗೇ ಅನ್ನಾದು."

ನಾನು ನಕ್ಕುಬಿಟ್ಟೆ. ಹಿಂದಿನ ಬೆಂಚಿನವರು ತಪ್ಪು ಉತ್ತರ ಹೇಳಿದಾಗ ಟೀಚರು ನಗುತ್ತಾಳಲ್ಲ, ಆ ನಗು. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಕ್ಕದ್ದೇನೋ ನಕ್ಕೆ, ಅನುಮಾನ ಹೋಗಲಿಲ್ಲ. ಅವರ ಮಾತು ನಿಜವಾದರೆ ಶಾಲೆಯ ಮಕ್ಕಳೆಲ್ಲ ವರ್ಷಗಟ್ಟಲೆ ನನ್ನ ತಪ್ಪನ್ನೇ ಓದಬೇಕಾಗುತ್ತಿತ್ತು. ಮಾರನೆಯ ಬೆಳಗ್ಗೆ ಗದ್ದೆಗೆ ಹೋದೆ. ಒಂದು ಕೆಂಪನೆಯದರ ಎಡರೆಕ್ಕೆಯ ತುದಿ ಹರಿದಿತ್ತು. ಗುರುತಿಗೆ ಅಷ್ಟು ಸಾಕು. ಮೂರನೆಯ ದಿನ ಅದೇ ಬದುವಿನಲ್ಲಿ ಅದೇ ಹರಿದ ರೆಕ್ಕೆ ಸಿಕ್ಕಿತು, ಬಣ್ಣ ಮಾತ್ರ ಹಾಲು ಕಡಿಮೆಯಾದ ಟೀಯಂತೆ. ಆರನೆಯ ದಿನ ಪೂರ್ತಿ ಹಸಿರು. ಗದ್ದೆಯಿಂದಲೇ "ಅತ್ತೇ!" ಎಂದು ಕಿರುಚಿದೆ. ಗದ್ದೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಅದ್ಕ್ಯಾಕಮ್ಮಿ ಅಂಗ್ ಕೂಗ್ಕತೀಯೆ? ನಾನೇಳಿರ್ನಿಲ್ವಾ?"

ಮನೆಗೆ ಬಂದು ಪುಸ್ತಕ ತೆಗೆದರೆ ಅಲ್ಲೂ ಇತ್ತು, ಸಣ್ಣ ಅಕ್ಷರದಲ್ಲಿ: ಎಳೆಯ ಹೆಣ್ಣು ಕಿತ್ತಳೆ ಬಣ್ಣದ್ದು, ಬಲಿತಾಗ ಹಸಿರು. ನಾನು ಚಿತ್ರ ಮಾತ್ರ ನೋಡಿದ್ದೆ.

ಹದಿನಾರು ಹದಿನೈದಾಯಿತು. ಒಂದು ಕಳೆದುಕೊಂಡು ಅಷ್ಟು ಬೀಗಿದ್ದು ನನ್ನ ಜನ್ಮದಲ್ಲೇ ಮೊದಲು. ಮೂರು ಫೋಟೋ ಸಾಲಾಗಿ ಹಾಕಿ ಕೆಳಗೆ ಬರೆಸಿದೆ: ಉಲ್ಟಾ ಮೆಣಸಿನಕಾಯಿ, ಹೇಳಿಕೊಟ್ಟವರು ಚಿಕ್ಕತಾಯಮ್ಮ. ಅತ್ತೆಯನ್ನು ಶಾಲೆಗೆ ಕರೆದುಕೊಂಡು ಹೋದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಮ್ಮ ಹೆಸರು ಓದಿಕೊಂಡರು. ಹಿಗ್ಗುತ್ತಾರೆಂದು ನಾನು ಪಕ್ಕದಲ್ಲೇ ಕಾಯುತ್ತಿದ್ದೆ.

"ನಾನೊಬ್ಳೇ ಕಿತ್ನಾ ಕಳೆಯ? ಸಾಕಮ್ಮ, ಕೆಂಪಮ್ಮ, ಎಲ್ರೂ ಇದ್ರಲ್ಲ. ಅವ್ರ್ ಎಸ್ರೆಲ್ಲವ್ವ?"

ಆ ಚಾರ್ಟು ಬಿಸಿಲಿಗೆ ಮಾಸಿ ಈಗ ಎರಡನೆಯ ಸಲ ಅಚ್ಚಿಗೆ ಹೋಗುತ್ತಿದೆ. ಮೊನ್ನೆ ಅತ್ತೆ ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ತೀರಿಕೊಂಡ ಇಬ್ಬರೂ ಸೇರಿ ಹನ್ನೊಂದು. ಫೋಟೋ ತೆಗೆದವಳ ಹೆಸರು ಬೇಡವೇ ಎಂದು ಮೆಲ್ಲಗೆ ಕೇಳಿದೆ.

"ಒಂದಿನ ಬಗ್ಗಿ ಕಳೆ ಕೀಳು. ಆಮ್ಯಾಕ್ ನೋಡನ."

ನಿನ್ನೆ ಇಡೀ ದಿನ ಅವರ ಪಕ್ಕದಲ್ಲೇ ಕಿತ್ತೆ. ಕಳೆಯ ಜೊತೆ ಒಂದಷ್ಟು ಪೈರನ್ನೂ ಕಿತ್ತು ಬೈಸಿಕೊಂಡೆ. ಸಂಜೆ ಅತ್ತೆ ಪಟ್ಟಿಯನ್ನು ಇನ್ನೊಮ್ಮೆ ಓದಿಸಿದರು, ಕೊನೆಗೆ "ಬರ್ಕೊ" ಅಂದರು.

ಪ್ಯಾಂಟನ್ನು ಇದೀಗ ಬಕೆಟ್ಟಿನಿಂದ ಎತ್ತಿ ಹಿಂಡಿ, ಕಲೆಯ ಸಮೇತ ಒಣಹಾಕಿದೆ. ಸೋಮವಾರ ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತೇನೆ. ಹನ್ನೆರಡನೆಯ ಹೆಸರು ನನ್ನದು.