ಮಿಲ್ಟ್ರಿ ಮಾವ ಕೊಟ್ಟ ಕಾಗದ

ಮಿಲ್ಟ್ರಿ ಮಾವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಎಡಗೈಯೂ ಇರಬಹುದು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಆದರೆ ಆ ಎರಡು ನೆಟ್ಟನೆಯ ಬೆರಳುಗಳ ನಡುವೆ ಕಾಗದವೊಂದನ್ನು ಹಿಡಿದು ನನ್ನತ್ತ ಚಾಚಿದ್ದು ಮಾತ್ರ ಸುಳ್ಳಲ್ಲ.

ಗಡಿಯ ಯುದ್ಧದಲ್ಲಿ ಗುಂಡು ತಗುಲಿ ಊರಿಗೆ ಮರಳಿದವರು ಅವರು. ತುರುವೇಕೆರೆ ರಸ್ತೆಯ ನಮ್ಮ ತೋಟದಲ್ಲಿ ಕೂಲಿಗೆ ಸೇರಿ, ಅಟ್ಟದಲ್ಲಿ ಒಣಗಿದ ಕಾಯಿಯ ಕರಟ ಬಿಡಿಸಿ ಕೊಬ್ಬರಿ ತೆಗೆಯುತ್ತಿದ್ದರು. ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲುಗಿಸುವರು. ಒಳಗೆ ಗಡಗಡ ಅಂದರೆ ಸರಿ, ನೀರು ತುಳುಕಿದರೆ ಮತ್ತೆ ಅಟ್ಟಕ್ಕೆ. ಯುದ್ಧದ ಕತೆ ಹೇಳಿ ಎಂದು ಜೊತೆಯವರು ಪೀಡಿಸಿದರೆ, ಅಲ್ಲಿ ಚಳಿ ಜಾಸ್ತಿ, ಮುದ್ದೆ ಸಿಗುತ್ತಿರಲಿಲ್ಲ ಎಂದಷ್ಟೇ ಹೇಳಿ ಮುಗಿಸುವರು.

ಮೈಸೂರಿನಲ್ಲಿ ಕಾನೂನು ಓದುತ್ತಿದ್ದ ನಾನು ಒಂದು ರಜೆಯಲ್ಲಿ, ಯುದ್ಧಕ್ಕೂ ಕಾನೂನಿದೆ ಎಂದು ಅವರ ಮುಂದೆ ಜಂಭ ಕೊಚ್ಚಿಕೊಂಡೆ. ಗಾಯಗೊಂಡ ಶತ್ರುವಿಗೂ ಔಷಧಿ ಕೊಡಬೇಕು, ಸೆರೆ ಸಿಕ್ಕವನನ್ನು ಹಿಂಸಿಸಬಾರದು, ಸತ್ತವನ ವಸ್ತುಗಳನ್ನು ಅವನ ಮನೆಗೆ ಮುಟ್ಟಿಸಬೇಕು. ಅವರು ಕೈಯಲ್ಲಿದ್ದ ಮಚ್ಚು ಕೆಳಗಿಟ್ಟರು.

"ನಮ್ಗೂ ಹೇಳ್ಕೊಟ್ಟಿದ್ರು ಕಣವ್ವ ಲಾಯರಮ್ಮ. ಇಷ್ಟು ವರ್ಷ ಆದ್ಮೇಲೂ ಮುಟ್ಟಿಸ್ಬೋದಾ?"

ಮರುದಿನ ಆ ಕಾಗದ ತಂದರು. ಬೆಟ್ಟದ ಮೇಲೆ ಸತ್ತುಬಿದ್ದಿದ್ದ ಎದುರು ಸೈನ್ಯದ ಯುವಕನ ಜೇಬಿನಲ್ಲಿದ್ದದ್ದು. ಮನೆಗೆ ಬರೆದು ಇನ್ನೂ ಕಳಿಸದೆ ಇಟ್ಟುಕೊಂಡಿದ್ದದ್ದು. ಅವನ ಉಳಿದ ಸಾಮಾನನ್ನೆಲ್ಲ ಮಾವ ತಮ್ಮ ಅಧಿಕಾರಿಗೆ ಒಪ್ಪಿಸಿದ್ದರು. ಕಾಗದ ಮಾತ್ರ ಮಾವನ ಜೇಬಿನಲ್ಲೇ ಉಳಿದು, ಅಂದೇ ಗುಂಡು ತಗುಲಿ ಅವರು ಆಸ್ಪತ್ರೆ ಸೇರಿದರು. ಆಮೇಲೆ ಯಾರಿಗೂ ತೋರಿಸಲು ಧೈರ್ಯವಾಗಲಿಲ್ಲವಂತೆ. ತಿಪಟೂರಿನಲ್ಲಿ ಉರ್ದು ಬಲ್ಲ ಟೈಲರೊಬ್ಬರಿಂದ ಗುಟ್ಟಾಗಿ ಓದಿಸಿದ್ದರು. ಮಳೆಗೆ ಮುಂಚೆ ಸೂರು ರಿಪೇರಿ ಮಾಡಿಸಿ, ತಂಗಿಯನ್ನು ಸ್ಕೂಲು ಬಿಡಿಸಬೇಡಿ. ಇಷ್ಟೇ ಅದರಲ್ಲಿ.

"ಆ ಹೆಣ್ಮಗ ಸ್ಕೂಲ್ ಬುಟ್ಟಳೋ ಏನೋ. ನೀನು ಓದಿದೋಳು, ನಿಂಗೆ ದಾರಿ ಗೊತ್ತಿರ್ತದೆ."

ಗೊತ್ತಿತ್ತು. ಯುದ್ಧದಲ್ಲಿ ಸತ್ತವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವ ಸಂಸ್ಥೆಯ ವಿಳಾಸ ನನ್ನ ನೋಟ್ಸಿನಲ್ಲೇ ಇತ್ತು. ಆದರೆ ಕಾಗದವನ್ನು ಮೊದಲು ಕಾಲೇಜಿನ ಸೆಮಿನಾರಿನಲ್ಲಿ ತೋರಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಅದನ್ನು ಲಕೋಟೆಗೆ ಹಾಕಿ, ಕಳಿಸುವವರ ಜಾಗದಲ್ಲಿ ನನ್ನ ಹೆಸರು ಬರೆಯುವಾಗ ಕೈ ನಿಂತಿತು. ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕೆಂದಿದ್ದೆ. ಶತ್ರುದೇಶಕ್ಕೆ ಕಾಗದ ಕಳಿಸಿದವಳೆಂದು ಪೊಲೀಸರು ವಿಚಾರಿಸಿದರೆ? ಹಾಗೆ ಹೆದರಿದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಬರೀ ಉದಾಸೀನವೂ ಇದ್ದಿರಬಹುದು. ಭಯ ಎಂದರೆ ಕೇಳಲು ಸ್ವಲ್ಪ ಮರ್ಯಾದೆಯಾಗಿರುತ್ತದೆ. ಲಕೋಟೆಯನ್ನು ಊರಿನ ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಮುಂದಿನ ರಜೆಯಲ್ಲಿ ಮಾವ ಕೇಳಿದರು. "ಹೋಯ್ತಾ ಮಗಾ?"

"ಹೋಯ್ತು ಮಾವ."

ಅಂದು ಅವರು ಅರ್ಧ ದಿನಕ್ಕೇ ಕೆಲಸ ಬಿಟ್ಟು, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದು ಮನೆಮಂದಿಗೆಲ್ಲ ಬಾಳೆಹಣ್ಣು ಹಂಚಿದರು. ನಾನೂ ತಿಂದೆ. ಮುಂದೆ ಎರಡು ವರ್ಷ, ನಾನು ಬಂದಾಗಲೆಲ್ಲ ಉತ್ತರ ಬಂತೇ ಎಂದು ವಿಚಾರಿಸುವರು. ದೂರದ ದೇಶ, ತಡವಾಗುತ್ತದೆ ಎನ್ನುತ್ತಿದ್ದೆ. ಒಂದು ಯುಗಾದಿಗೆ ಬಂದಾಗ ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ. ಊಟ ಆಯ್ತಾ ಎಂದಷ್ಟೇ ಅಂದು ತಲೆ ತಗ್ಗಿಸುವರು.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು ಬೀರು ತೆಗೆದೆ. ಲಕೋಟೆ ಸೀರೆಗಳ ಕೆಳಗಿರಲಿಲ್ಲ, ಎಲ್ಲಕ್ಕಿಂತ ಮೇಲಿತ್ತು. ಯಾವಾಗಿನಿಂದ ಹಾಗಿತ್ತೋ ತಿಳಿಯದು. ಬೀರುವಿನ ಬೀಗದ ಕೈ ಇರುವುದು ಅಮ್ಮನ ಸೊಂಟದಲ್ಲಿ.

ಆ ವಾರವೇ ನನ್ನ ಹೆಸರು ಬರೆದು ಅದನ್ನು ಆ ಸಂಸ್ಥೆಗೆ ಕಳಿಸಿದೆ. ಅಂಚೆ ಕಚೇರಿಯಲ್ಲಿ ಐದು ನಿಮಿಷವೂ ಹಿಡಿಯಲಿಲ್ಲ. ಪೊಲೀಸರು ಯಾರೂ ಬರಲಿಲ್ಲ. ನಾನು ಆ ಪರೀಕ್ಷೆ ಪಾಸೂ ಆಗಿರಲಿಲ್ಲ.

ಊರಿಂದ ಹೊರಡುವ ದಿನ ಅಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಬಿಡಿಸಿದೆ. ಆಮೇಲೆ ಕೇಳಿದೆ. ಅವಳು ಇನ್ನೊಂದು ಹಿಡಿ ಕಾಯಿ ನನ್ನ ಮುಂದೆ ಸುರಿದಳು.

"ಅಮ್ಮ, ಕಾಗದ ಮನೇಲೇ ಐತೆ ಅಂತ ಮಾವಂಗೆ ನೀನು ಹೇಳಿದ್ಯಾ?"