ಒಂದೇ ಮೈಕಿನ ಮುಂದೆ ಅಣ್ಣ ತಮ್ಮ

೧೯೫೩ರ ಡಿಸೆಂಬರಿನಲ್ಲಿ ನಾನು ಧಾರವಾಡದ ಒಂದು ಸಂಗ್ರಹ ಸಂಸ್ಥೆಯಲ್ಲಿ ಧ್ವನಿಮುದ್ರಕನಾಗಿದ್ದೆ. ಹಳ್ಳಿಗಳಿಗೆ ಹೋಗಿ ಅಲ್ಲಿನ ಹಾಡು, ವಾದ್ಯ, ಕಥೆ ಹೇಳುವ ದನಿಗಳನ್ನು ಟೇಪಿಗೆ ಇಳಿಸಿಕೊಂಡು ಬರುವುದು ನನ್ನ ಕೆಲಸ. ಹುದ್ದೆಯ ಹೆಸರು ದೊಡ್ಡದು, ಕೆಲಸದಲ್ಲಿ ಅರ್ಧ ಪಾಲು ಹಮಾಲಿ. ಆಗಿನ ಟೇಪ್ ರೆಕಾರ್ಡರ್ ಎಂದರೆ ಒಂದು ಟ್ರಂಕಿನಷ್ಟು ಪೆಟ್ಟಿಗೆ. ಕರೆಂಟಿಲ್ಲದ ಊರಿಗೆ ಹೊರಟರೆ ಅದರ ಜೊತೆಗೆ ಎರಡು ಮೋಟಾರು ಬ್ಯಾಟರಿ, ಆ ಬ್ಯಾಟರಿಯ ಕರೆಂಟನ್ನು ಯಂತ್ರಕ್ಕೆ ಒಗ್ಗಿಸಿಕೊಡುವ ಕನ್ವರ್ಟರ್ ಎಂಬ ಇನ್ನೊಂದು ಭಾರ. ಇಷ್ಟು ಹೊತ್ತ ಮೇಲೆ ಒಂದಕ್ಕಿಂತ ಹೆಚ್ಚು ಮೈಕ್ ಒಯ್ಯುವ ಮಾತೇ ಇರಲಿಲ್ಲ. ಒಯ್ದರೂ ಪ್ರಯೋಜನವಿರಲಿಲ್ಲ, ನಮ್ಮ ಯಂತ್ರಕ್ಕೆ ಮೈಕ್ ಜೋಡಿಸಲು ಇದ್ದದ್ದು ಒಂದೇ ತೂತು.

ಆ ತಿಂಗಳ ಒಂದು ಬುಧವಾರ ಜತ್ತ ತಾಲ್ಲೂಕಿನ ಬಿಳೂರಿನಿಂದ ಪತ್ರ ಬಂತು. ಬರೆದವರು ಅಲ್ಲಿನ ಶಾಲೆಯ ಶಿವಲಿಂಗಪ್ಪ ಮಾಸ್ತರು. ತಮ್ಮೂರಿನ ಮಾಳಪ್ಪ ಎಂಬವರು ಕುರಿ ಕಾಯುವ ಮನೆತನದವರು, ಡೊಳ್ಳಿನ ಪದ ಹಾಡುವುದರಲ್ಲಿ ಡಫಳಾಪುರದವರೆಗೂ ಹೆಸರಾದವರು. ಈಗ ಅವರ ಗಂಟಲಲ್ಲಿ ಗಂಟಾಗಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಮಿರಜದ ಡಾಕ್ಟರು ಹೇಳಿದ್ದಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಬರುವ ಸೋಮವಾರ ಊರು ಬಿಡುತ್ತಾರೆ, ಅಷ್ಟರೊಳಗೆ ತಾವು ಬರಬಲ್ಲಿರಾ? ಪತ್ರ ಇಷ್ಟೇ ಇತ್ತು.

ಗುರುವಾರ ಮೈಕ್ ಆರಿಸಲು ಕುಳಿತೆ. ಸಂಸ್ಥೆಯ ಉಗ್ರಾಣದಲ್ಲಿದ್ದ ಮೂರನ್ನೂ ಮನೆಗೆ ತಂದಿದ್ದೆ. ಮೊದಲನೆಯದು ರಿಬ್ಬನ್ ಮೈಕ್. ಅದರೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಲೋಹದ ಪಟ್ಟಿ ಇರುತ್ತದೆ. ದನಿಗೆ ಬೆಣ್ಣೆಯಂಥ ನುಣುಪು ಕೊಡುತ್ತದೆ, ಆದರೆ ಜೋರಾದ ಗಾಳಿ ಬಡಿದರೆ ಪಟ್ಟಿ ಜೋತುಬಿದ್ದು ಹೋಗುತ್ತದೆ. ಎರಡನೆಯದು ಕಂಡೆನ್ಸರ್. ಬಹಳ ಚುರುಕು, ಸೂಜಿ ಬಿದ್ದರೂ ಕೇಳಿಸಿಕೊಳ್ಳುತ್ತದೆ, ಆದರೆ ಅದಕ್ಕೇ ಬೇರೆ ಕರೆಂಟಿನ ಪೆಟ್ಟಿಗೆ ಬೇಕು. ಮೂರನೆಯದು ಮೂವಿಂಗ್ ಕಾಯಿಲ್, ಈಗಿನವರು ಡೈನಮಿಕ್ ಎನ್ನುವ ಜಾತಿ. ಗಟ್ಟಿಮುಟ್ಟು, ಸುತ್ತ ಎಲ್ಲ ಕಡೆಯಿಂದಲೂ ಒಂದೇ ಸಮ ಕೇಳುತ್ತದೆ, ನುಣುಪಿನಲ್ಲಿ ಮಾತ್ರ ಸ್ವಲ್ಪ ಹಿಂದೆ.

ನೆರೆಮನೆಯ ಪಿಟೀಲು ಮಾಸ್ತರರನ್ನು ಕರೆತಂದೆ. ಒಬ್ಬ ತಬಲಾದವನನ್ನು ಕರೆಸಿದೆ. ನನ್ನ ಹೆಂಡತಿ ಸುಮಿತ್ರಾಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಹಾಡು ಎಂದೆ. ಮೂರೂ ಮೈಕುಗಳಲ್ಲಿ ಮೂವರನ್ನೂ ಮುದ್ರಿಸಿ ಹಾಕಿ ಕೇಳಿಸಿದೆ. ಪಿಟೀಲು ಮಾಸ್ತರರು ರಿಬ್ಬನ್ ಕೇಳಿ ಕಣ್ಣು ಮುಚ್ಚಿ ತಲೆದೂಗಿದರು. ಸುಮಿತ್ರಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಅದರಾಗ ನಾ ಇದ್ದದ್ದಕ್ಕಿಂತ ಚಲೋ ಹಾಡೀನಿ. ಈ ಕಡೀದ್ರಾಗ ನಾನು ನಾನ ಇದ್ದೀನಿ” ಎಂದಳು. ಡೊಳ್ಳಿನ ಪೆಟ್ಟು, ಬಯಲಿನ ಗಾಳಿ, ಕ್ಷೀಣಿಸಿದ ಒಂದು ಗಂಟಲು, ಮೂರಕ್ಕೂ ಒಗ್ಗುವ ಮೈಕ್ ಬೇಕಾಗಿತ್ತು. ಡೈನಮಿಕ್ ಮೈಕನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. ಆರಿಸಿದ್ದಾಯಿತು, ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ. ಎಂಥ ಮೂರ್ಖ ನಾನು!

ಮಿರಜದವರೆಗೆ ರೈಲು, ಜತ್ತದವರೆಗೆ ಮೋಟಾರು, ಅಲ್ಲಿಂದ ಚಕ್ಕಡಿ. ಶನಿವಾರ ಮಧ್ಯಾಹ್ನ ಬಿಳೂರು ಮುಟ್ಟಿದಾಗ ಬ್ಯಾಟರಿಗಳಿಗಿಂತ ನನ್ನ ಸೊಂಟದ ಸ್ಥಿತಿ ಕೆಟ್ಟಿತ್ತು. ಮಾಳಪ್ಪನವರ ಹೆಂಡತಿ ಲಗಮವ್ವ ಬಾಗಿಲಲ್ಲೇ ನಿಂತಿದ್ದರು. “ಬರ್ರಿ, ಕುಂದ್ರಿ” ಎಂದು ಕಂಬಳಿ ಹಾಸಿ ತಂಬಿಗೆ ನೀರು ಕೊಟ್ಟರು. ನಾನು ಮಾಳಪ್ಪನವರು ಹಾಡುವ ಪದ ಎಷ್ಟು ಹಳೆಯದು, ಬೇರೆ ಯಾರಿಗೆ ಬರುತ್ತದೆ ಎಂದೆಲ್ಲ ವಿಚಾರಿಸತೊಡಗಿದೆ. ಆಕೆ ನಡುವೆಯೇ ತಡೆದರು.

“ಪದಾ ಯಾರರೆ ಕಲೀತಾರ್ರಿ ಸಾಹೇಬ್ರ. ನನಗ ಇವ್ರ ದನಿ ಬೇಕಾಗ್ಯದ. ಅದನ್ನಷ್ಟು ಹಿಡದು ಇಡ್ರಿ.”

ಮಾಳಪ್ಪ ಗೋಡೆಗೆ ಒರಗಿ ಕುಳಿತಿದ್ದರು. ಐವತ್ತರ ಒಳಗಿನ ಆಳು, ಕಟ್ಟುಮಸ್ತು ಮೈ. ಮಾತಾಡಿದರೆ ಮಾತ್ರ ಒಣ ಎಲೆಯ ಮೇಲೆ ನಡೆದಂತೆ ಕೇಳುತ್ತಿತ್ತು. ದಿನಕ್ಕೆ ಕಾಲು ಗಂಟೆ ಹಾಡಿದರೆ ಹೆಚ್ಚು, ಆಮೇಲೆ ಗಂಟಲು ಕಟ್ಟಿ ನೀರೂ ಇಳಿಯುವುದಿಲ್ಲ ಎಂದು ಶಿವಲಿಂಗಪ್ಪ ಮಾಸ್ತರು ನನ್ನ ಕಿವಿಯಲ್ಲಿ ಹೇಳಿದರು. ಹಾಗಾಗಿ ಮರುದಿನ, ಅಂದರೆ ಭಾನುವಾರ ಬೆಳಿಗ್ಗೆ ಒಂದೇ ಸಲ ಹಾಡಿಸುವುದೆಂದು ನಿಶ್ಚಯವಾಯಿತು.

ಬೆಳಗಾದ ಮೇಲೆ ಮನೆಯ ಮುಂದಿನ ಬಯಲಲ್ಲಿ ಮೈಕಿನ ಸ್ಟ್ಯಾಂಡ್ ನಿಲ್ಲಿಸಿದೆ. ಊರಿಗೆ ಊರೇ ನೆರೆದಿತ್ತು. ಮೇಳದವರು ತಮ್ಮ ರೂಢಿಯಂತೆ ನಿಂತರು. ನಡುವೆ ಮಾಳಪ್ಪ, ಹಿಂದೆ ತಾಳದವರೂ ಸೊಲ್ಲು ಎತ್ತಿಕೊಳ್ಳುವ ಇಬ್ಬರೂ, ಬಲಭುಜಕ್ಕೆ ಭುಜ ತಾಗುವಂತೆ ಡೊಳ್ಳು ಕಟ್ಟಿಕೊಂಡ ಬೀರಪ್ಪ. ಬೀರಪ್ಪ ಮಾಳಪ್ಪನವರ ಸ್ವಂತ ಅಣ್ಣ, ಮನೆಗೂ ಮೇಳಕ್ಕೂ ಹಿರಿಯ. ಅರ್ಧ ನಿಮಿಷದ ಪರೀಕ್ಷೆಗೆಂದು ಯಂತ್ರ ಹಾಕಿದೆ. ಡೊಳ್ಳಿನ ಮೊದಲ ಪೆಟ್ಟಿಗೇ ದನಿಯ ಜೋರು ತೋರಿಸುವ ಮೀಟರಿನ ಮುಳ್ಳು ಬಲತುದಿಗೆ ಹೋಗಿ ಅಂಟಿಕೊಂಡಿತು. ಹೆಡ್‌ಫೋನಿನಲ್ಲಿ ಡೊಳ್ಳು ಬಿಟ್ಟರೆ ಏನೂ ಇಲ್ಲ.

ಇದಕ್ಕೆ ಉಪಾಯ ಸರಳ. ಮೈಕ್ ಒಂದೇ ಇದ್ದಾಗ ಸಣ್ಣ ದನಿಯನ್ನು ಹತ್ತಿರ ನಿಲ್ಲಿಸಬೇಕು, ದೊಡ್ಡ ದನಿಯನ್ನು ದೂರ ಕಳಿಸಬೇಕು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಮೇಲೆ ಬ್ಯಾಟರಿ ಇಳಿಯುತ್ತಿದೆಯೆಂಬ ಗಡಿಬಿಡಿ. ಕೈ ಬೀಸಿ ಕೂಗಿದೆ: “ಏ ಡೊಳ್ಳಿನವರ, ಆ ಕಡೆ ಸರೀರಿ. ಇನ್ನೂ ಹಿಂದ. ಇನ್ನೂ. ಆ ಕುರಿ ಹಟ್ಟಿ ಕಡೆ ಹೋಗ್ರಿ, ಲಗೂನ!”

ಬೀರಪ್ಪ ಸೊಂಟದ ಹಗ್ಗ ಬಿಚ್ಚಿದರು. ಡೊಳ್ಳನ್ನು ಮೆಲ್ಲಗೆ ನೆಲಕ್ಕಿಟ್ಟರು.

“ಮೂವತ್ತು ವರ್ಷ ಆತು ಡೊಳ್ಳ ಕಟ್ಟಾಕತ್ತು. ಕುರಿ ಕೂಡ ನಿಂದ್ರು ಅಂತ ಇವತ್ತ ಅನಿಸಿಕೊಂಡೆ” ಎಂದವರೇ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು.

ನಾನು ಇನ್ನೂ ಏರಿದ ದನಿಯಲ್ಲೇ, ಹೋದರೆ ಹೋಗಲಿ, ಬೇರೆಯವರು ಡೊಳ್ಳು ಹೊಡೆಯಲಿ ಎಂದೆ. ತಾಳದವರಲ್ಲೊಬ್ಬರು ಅಂಜುತ್ತಲೇ ಡೊಳ್ಳು ಎತ್ತಿಕೊಂಡರು. ಮಾಳಪ್ಪ ಒಂದು ನುಡಿ ಹಾಡಿದರು, ಎರಡನೆಯದರ ನಡುವೆ ತಡವರಿಸಿ ನಿಂತರು. ಮತ್ತೆ ಮೊದಲಿನಿಂದ ಎತ್ತಿಕೊಂಡರು, ಅದೇ ಜಾಗದಲ್ಲಿ ಮತ್ತೆ ನಿಂತರು. ನನ್ನ ಕಡೆ ತಿರುಗಿ, “ಉಸಿರು ಎಲ್ಲಿ ತಗೋಬೇಕು ಅನ್ನೋದು ಅಣ್ಣನ ಡೊಳ್ಳಿನಾಗ ಅದ್ರಿ. ಅಂವ ಇಲ್ಲದ ನನಗ ತಿಳ್ಯಾಂಗಿಲ್ಲ” ಎಂದರು. ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಲಗಮವ್ವ ನೀರು ತಂದು ಕುಡಿಸಿದರು, ನನ್ನತ್ತ ನೋಡಲಿಲ್ಲ. ಇದ್ದ ಕಾಲು ಗಂಟೆಯಲ್ಲಿ ಎಷ್ಟು ಹಾಳು ಮಾಡಿದೆನೋ ಎಂದುಕೊಳ್ಳುತ್ತ ಯಂತ್ರ ನಿಲ್ಲಿಸಿದೆ.

ಶಿವಲಿಂಗಪ್ಪ ಮಾಸ್ತರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. “ಸಾಹೇಬ್ರ, ನಿಮಗ ಅದು ಡೊಳ್ಳ ಇಡೋ ಜಾಗಾ. ಇಲ್ಲೆ ಅದು ಹಿರೇರ ಜಾಗಾ. ಊರ ಮುಂದ ಅಲ್ಲಿಂದ ಎಬ್ಬಿಸಿ ಹಟ್ಟಿಗೆ ಕಳಿಸಿದ್ರ ಯಾರು ಸೈರಸ್ತಾರ? ಹೋಗಿ ಮಾತಾಡ್ರಿ.”

ಬೀರಪ್ಪ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದರು. ದಾರಿಯುದ್ದಕ್ಕೂ ಮೈಕುಗಳ ಗುಣಾವಗುಣ, ದೂರ ಹತ್ತಿರದ ಲೆಕ್ಕ ಎಲ್ಲ ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಅವರ ಮುಖ ನೋಡಿದ ಮೇಲೆ ಅದೆಲ್ಲ ಬಿಟ್ಟೆ. ಕೈ ಮುಗಿದೆ.

“ತಪ್ಪಾತ್ರಿ ಬೀರಪ್ಪನವರ. ನನ್ನ ಮ್ಯಾಲ ಸಿಟ್ಟು ಇರ್ಲಿ. ಒಂದ ಸಲ ಬಂದು ಆ ಪೆಟ್ಟಿಗಿ ಏನು ಕೇಳ್ಯದ ನೋಡ್ರಿ. ಆಮ್ಯಾಲ ನಿಮಗ ಎಲ್ಲಿ ಬೇಕೋ ಅಲ್ಲೇ ನಿಂದರ್ರಿ, ನಾ ಒಂದು ಮಾತೂ ಆಡಾಂಗಿಲ್ಲ.”

ಬೀರಪ್ಪ ಎದ್ದು ಬಂದರು, ನನಗಾಗಿ ಅಲ್ಲ, ತಮ್ಮನ ಕೆಮ್ಮು ಅಲ್ಲಿಯವರೆಗೂ ಕೇಳುತ್ತಿತ್ತು. ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ, ಮೊದಲ ಅರ್ಧ ನಿಮಿಷದ ಟೇಪು ಕೇಳಿಸಿದೆ. ಅವರು ಹುಬ್ಬು ಗಂಟಿಕ್ಕಿ ಆಲಿಸಿದರು.

“ನನ್ನ ತಮ್ಮ ಎಲ್ಲಿ?” ಎಂದರು.

“ಹಾಡ್ಯಾರ್ರಿ. ನಿಮ್ಮ ಡೊಳ್ಳಿನ ಕೆಳಗ ಅದಾರ.”

ಇನ್ನೊಮ್ಮೆ ಹಾಕು ಎಂದು ಬೆರಳು ತಿರುಗಿಸಿದರು. ಹಾಕಿದೆ. ಈ ಸಲ ಕಣ್ಣು ಮುಚ್ಚಿ, ಎರಡೂ ಅಂಗೈಗಳಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ತೆಗೆದು ನನ್ನ ಕೈಗಿಟ್ಟು, ಡೊಳ್ಳು ಕಟ್ಟಿಕೊಂಡರು. ಹಟ್ಟಿಯ ದಿಕ್ಕಿಗೆ ತಾವೇ ನಡೆದರು. ಹತ್ತು ಹೆಜ್ಜೆಗೆ ನಿಂತು ಒಂದು ಪೆಟ್ಟು ಹೊಡೆದು ನನ್ನತ್ತ ನೋಡಿದರು. ನಾನು ಮೀಟರ್ ನೋಡಿ ತಲೆಯಾಡಿಸಿದೆ, ಸಾಲದು. ಹದಿನೈದಕ್ಕೆ ನಿಂತರು, ಇನ್ನೂ ಸಾಲದು. ಇಪ್ಪತ್ತೈದನೇ ಹೆಜ್ಜೆಗೆ, ಹಟ್ಟಿಯ ಮುಳ್ಳುಬೇಲಿಗೆ ಬೆನ್ನು ತಾಗುವಲ್ಲಿ ನಿಂತಾಗ ಮೀಟರಿನ ಮುಳ್ಳು ಸರಿಯಾದ ಜಾಗಕ್ಕೆ ಬಂತು. ಮಾಳಪ್ಪನವರ ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿಟ್ಟೆ.

ಆಗ ನನಗೆ ಹೊಳೆದದ್ದು ಇನ್ನೊಂದು. ಆ ಗಾಳಿಯಲ್ಲಿ, ತಮ್ಮದೇ ಡೊಳ್ಳಿನ ಸದ್ದಿನ ನಡುವೆ, ಬೀರಪ್ಪನವರಿಗೆ ತಮ್ಮನ ಹಾಡು ಒಂದಕ್ಷರವೂ ಕೇಳಿಸುವಂತಿರಲಿಲ್ಲ. ಹಾಡು ಕೇಳಿಸದೆ ಹೇಗೆ ಬಾರಿಸುತ್ತೀರಿ ಎಂದು ಕೂಗಿ ಕೇಳಿದೆ. “ಅಂವನ ಹೆಗಲು ಕಾಣಸ್ತದ, ಸಾಕು. ನೀವು ನಿಮ್ಮ ಕೆಲಸ ನೋಡ್ರಿ” ಎಂದು ಅಲ್ಲಿಂದಲೇ ಕೂಗಿದರು.

ಮಾಳಪ್ಪ ಹಾಡಿದರು. ಒಂಬತ್ತು ನಿಮಿಷ. ಒಡೆದ, ಸೋತ, ಆದರೆ ಒಂದು ಸೊಲ್ಲೂ ಜಾರದ ದನಿ. ಡೊಳ್ಳು ಎಲ್ಲೂ ತಪ್ಪಲಿಲ್ಲ. ಅಷ್ಟು ದೂರದ ಪೆಟ್ಟು ಮೈಕಿಗೆ ತುಸು ತಡವಾಗಿ ತಲುಪಬೇಕು, ಆದರೆ ತಡವಾಗಲಿಲ್ಲ. ಬೀರಪ್ಪ ಉಸಿರಿಗೆ ತಮ್ಮನ ಹೆಗಲು ಏಳುವುದನ್ನೇ ಕಾದು ಒಂದು ಎಳೆ ಮೊದಲೇ ಹೊಡೆಯುತ್ತಿದ್ದರು. ಗುಡ್ಡದಲ್ಲಿ ಕುರಿ ಕಾಯುವವರಿಗೆ ದೂರದ ಸದ್ದು ತಡವಾಗಿ ಬರುತ್ತದೆಂದು ಯಾರೂ ಕಲಿಸಬೇಕಾಗಿಲ್ಲ. ಕೊನೆಯ ನುಡಿ ಮುಗಿದಾಗ ಲಗಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು, ಎಲ್ಲಿ ತಮ್ಮ ಬಿಕ್ಕು ಯಂತ್ರಕ್ಕೆ ಕೇಳಿಸೀತೋ ಎಂದು. ಬೀರಪ್ಪ ಓಡಿಬಂದು ಹೆಡ್‌ಫೋನಿಗೆ ಕೈ ಚಾಚಿದರು. ಅಷ್ಟರಲ್ಲಿ ಬ್ಯಾಟರಿ ಕುಸಿದು ಟೇಪಿನ ಚಕ್ರಗಳು ತೂಕಡಿಸುತ್ತಿದ್ದವು. “ಇವತ್ತ ಆಗಾಂಗಿಲ್ರಿ” ಎಂದಾಗ ಆ ಮನುಷ್ಯ ಮಾಡಿದ ಮುಖ ನೆನೆದರೆ ನನಗೆ ಇವತ್ತಿಗೂ ಸಂಕಟ. ಮತ್ತೊಮ್ಮೆ ಯಂತ್ರ ಹೊತ್ತು ಬರುತ್ತೇನೆಂದು ಮಾತು ಕೊಟ್ಟು ಹೊರಟೆ.

ಮಾತು ಉಳಿಸಿಕೊಳ್ಳಲು ಐದು ತಿಂಗಳು ಹಿಡಿಯಿತು. ಕರಜಗಿಯ ಭಜನೆ ಮೇಳದ ಕೆಲಸಕ್ಕೆ ಬಂದವನು ಚಕ್ಕಡಿಯನ್ನು ಬಿಳೂರಿಗೆ ತಿರುಗಿಸಿದೆ. ಮಾಳಪ್ಪ ಬದುಕಿದ್ದರು, ಮೈ ತುಂಬಿಕೊಂಡಿದ್ದರು. ಕುತ್ತಿಗೆಯ ಉಸಿರಿನ ತೂತಿಗೆ ತೆಳು ಬಿಳಿ ಬಟ್ಟೆ. ನನ್ನನ್ನು ಕಂಡು ನಕ್ಕರು, ನಗುವಿಗೂ ಸದ್ದಿರಲಿಲ್ಲ. ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಲೌಡ್‌ಸ್ಪೀಕರಿನಲ್ಲೇ ಹಾಕಿದೆ. ಲಗಮವ್ವ ಪೆಟ್ಟಿಗೆಯ ಹತ್ತಿರ ಸರಿದು ಒಂಬತ್ತು ನಿಮಿಷವೂ ಅಲುಗಾಡದೆ ಕುಳಿತರು. ಬೀರಪ್ಪ ತಲೆ ತಗ್ಗಿಸಿ ಕೇಳಿದರು, ತಮ್ಮ ಅಂದು ಹಾಡಿದ್ದನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲ ಸಲ. ಮುಗಿದಾಗ ಅವರ ಗಡ್ಡದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ನನ್ನ ಕಣ್ಣುಗಳೂ ಒದ್ದೆಯಾಗಿದ್ದವು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾಳಪ್ಪನವರಿಗೆ ಮಾತ್ರ ಸಮಾಧಾನವಾದಂತೆ ಕಾಣಲಿಲ್ಲ. ಕೈಯಿಂದ ಏನೇನೋ ಸನ್ನೆ ಮಾಡಿದರು. ನನಗೆ ತಿಳಿಯಲಿಲ್ಲ.

“ಡೊಳ್ಳ ಪೆಟ್ಟಿಗ್ಯಾಗೂ ಯಾಕ ಅಷ್ಟು ದೂರ ಅದ ಅಂತ ಕೇಳಾಕತ್ತಾರ್ರಿ” ಎಂದರು ಲಗಮವ್ವ. “ಭಾವ ಎಲ್ಲಿ ಹೋಗ್ಯಾರ ಅಂತಾರ.”

ನಾನು ಒಂದೇ ಮೈಕಿನ ಕಥೆ ಹೇಳಲು ಬಾಯಿ ತೆರೆದೆ. ಬೀರಪ್ಪ ಅದಕ್ಕೆ ಕಾಯಲಿಲ್ಲ. ಗೂಟದಿಂದ ಡೊಳ್ಳು ಇಳಿಸಿ ಕಟ್ಟಿಕೊಂಡರು, “ಮತ್ತ ಹಚ್ಚರಿ” ಎಂದರು.

ಹೊಸಬರು ಈಗಲೂ ಬಂದು, ವಾದ್ಯಕ್ಕೂ ದನಿಗೂ ಆಗುವಂಥ ಒಂದೇ ಮೈಕ್ ಯಾವುದು ಎಂದು ಕೇಳುತ್ತಾರೆ. ಗಟ್ಟಿಮುಟ್ಟಾದದ್ದು, ಇದ್ದದ್ದನ್ನು ಇದ್ದ ಹಾಗೆ ಕೇಳುವಂಥದ್ದು ಕೊಳ್ಳಿರಿ ಎನ್ನುತ್ತೇನೆ. ಅದು ಅಂಗಡಿಯಲ್ಲಿ ಮುಗಿಯುವ ಕೆಲಸ. ಯಾರನ್ನಾದರೂ ದೂರ ಸರಿಯಿರಿ ಎನ್ನುವ ಮೊದಲು, ಅವರು ಯಾವುದರ ಪಕ್ಕದಿಂದ ಸರಿಯುತ್ತಿದ್ದಾರೆಂದು ತಿಳಿದುಕೊಳ್ಳುವುದು ಕಷ್ಟದ ಕೆಲಸ, ನಾನು ಅದನ್ನು ಬಿಳೂರಿನಲ್ಲಿ ಕಲಿತೆ. ಆ ದಿನ ಎರಡನೇ ಸಲ ಟೇಪು ಹಾಕಿದಾಗ ಬೀರಪ್ಪ ತಮ್ಮನ ಭುಜಕ್ಕೆ ಭುಜ ಹಚ್ಚಿ ನಿಂತು ಬಾರಿಸಿದರು. ಮಾಳಪ್ಪನವರ ತುಟಿಗಳು ಒಂದೊಂದು ಸೊಲ್ಲಿಗೂ ಆಡುತ್ತಿದ್ದವು, ಅಣ್ಣನ ಪೆಟ್ಟು ನಿಂತಲ್ಲಿ ಎದೆ ತುಂಬ ಉಸಿರು ತೆಗೆದುಕೊಳ್ಳುತ್ತಿದ್ದರು. ಪಡಸಾಲೆಯ ಗೋಡೆಗಳು ಅದುರುವಂಥ ಆ ಸದ್ದಿನಲ್ಲಿ ನಾನು ಅಷ್ಟು ಕಷ್ಟಪಟ್ಟು ಹಿಡಿದಿಟ್ಟ ದನಿ ಒಂಬತ್ತು ನಿಮಿಷವೂ ಯಾರಿಗೂ ಕೇಳಿಸಲಿಲ್ಲ. ದೂರ ಸರಿಯಿರಿ ಎಂದು ನಾನು ಹೇಳಲಿಲ್ಲ.