ಟೈಪಿಸ್ಟನ ಕಿವಿಗೆ ಬಿದ್ದ ಎಚ್ಚರಿಕೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಹಳೆಯ ಸರ್ವರ್‌ಗೆ ಎಲ್ಲರೂ ಇಟ್ಟ ಹೆಸರು ಕುಂಭಕರ್ಣ. ಮಲಗಿಸುವುದು ಸುಲಭ, ಎಬ್ಬಿಸುವುದರಲ್ಲಿ ಸಾಕುಬೇಕಾಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಮಿತಭಾಷಿ. ಮನೆಯಲ್ಲಿ ಅತ್ತೆಗೆ ಕಿವಿ ಮಂದ; ಅಲ್ಲಿ ಕೂಗಿ ಕೂಗಿ ಗಂಟಲು ಸೋತು, ಕೆಲಸದ ಜಾಗದಲ್ಲಿ ಬಾಯಿ ತೆರೆಯುವುದೇ ಬೇಡವೆನಿಸುತ್ತಿತ್ತು.

ಆಗಾಗ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು. ಹಾಗೆ ಏಕಾಏಕಿ ನಿಲ್ಲಿಸುವಂತಿಲ್ಲ. ‘ಕೆಲಸ ಉಳಿಸಿಕೊಂಡು ಹೊರಗೆ ಬನ್ನಿ’ ಎಂಬ ಎಚ್ಚರಿಕೆಯನ್ನು ಅವಳು ಎಲ್ಲರ ಪರದೆಗೂ ಕಳಿಸುತ್ತಿದ್ದಳು. ಒಬ್ಬೊಬ್ಬರಾಗಿ ಹೊರಬೀಳುತ್ತಿದ್ದರು. ಟೈಪಿಂಗ್ ವಿಭಾಗದ ಒಬ್ಬ ಮಾತ್ರ ಪ್ರತಿ ಸಲವೂ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ‘ಎಂಥ ಮೊಂಡನಪ್ಪ’ ಎಂದುಕೊಂಡು ಅವಳು ನಿಲ್ಲಿಸಿಯೇಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅದೇ ಗೋಳಾದಾಗ ತಾಳ್ಮೆ ಕೆಟ್ಟು ಮೆಟ್ಟಿಲೇರಿ ಹೋದಳು. ಕಿಟಕಿಯ ಪಕ್ಕ, ನಿವೃತ್ತಿಗೆ ಹತ್ತಿರವಾದ ಟೈಪಿಸ್ಟ್ ಕುಳಿತಿದ್ದ. ಒಂದು ಕಿವಿಯಲ್ಲಿ ಡಾಕ್ಟರರ ಧ್ವನಿಮುದ್ರಣ. ಇನ್ನೊಂದರಲ್ಲಿ, ತಾನು ಬರೆದದ್ದನ್ನು ಓದಿ ಹೇಳುವ ಪುಟ್ಟ ಪೆಟ್ಟಿಗೆಯ ದನಿ. ಬೆರಳುಗಳು ಮಳೆಹನಿಯಂತೆ ಕೀಲಿಗಳ ಮೇಲೆ ಬೀಳುತ್ತಿದ್ದವು.

“ಏನ್ರೀ, ಪರದೆ ಮೇಲೆ ಅಷ್ಟು ದೊಡ್ಡದಾಗಿ ಬಂದಿರುತ್ತಲ್ಲ, ನೋಡೋದೇ ಇಲ್ವಾ?”

ಅವನು ಕಿವಿಯಿಂದ ತಂತಿ ತೆಗೆದು, ದನಿ ಬಂದ ಕಡೆಗೆ ಮುಖ ತಿರುಗಿಸಿದ. “ನೋಡೋ ಹಾಗಿದ್ರೆ ನೋಡ್ತಿದ್ದೆ ಕಣಮ್ಮಾ,” ಎಂದು ನಕ್ಕ.

ಆಗ ಅವಳಿಗೆ ಅವನ ನೋಟವಿಲ್ಲದ ಕಣ್ಣುಗಳು ಕಂಡವು. ಭೂಮಿ ಬಾಯಿಬಿಡಬಾರದೆ ಎನಿಸಿತು.

“ಮತ್ತೆ... ಯಂತ್ರ ನಿಂತಾಗ?”

“ದನಿ ನಿಂತುಹೋಗುತ್ತೆ. ನಾನೇ ಏನೋ ತಪ್ಪು ಒತ್ತಿದೆ ಅಂದ್ಕೊಂಡು ಮೊದಲಿಂದ ಹೊಡೀತೀನಿ. ಯಾರಿಗೂ ಹೇಳಿಲ್ಲ. ಹೇಳಿದ್ರೆ, ಇವನ ಕೈಲಿ ಇನ್ನು ಆಗಲ್ಲ ಅಂತಾರೆ.”

ಅವಳು ಕೆಳಗಿಳಿದು ಬಂದಳು. ತಾನು ಗುಂಡಿ ಒತ್ತಿದಾಗಲೆಲ್ಲ ಮೇಲೊಬ್ಬ ಮನುಷ್ಯ ತನ್ನನ್ನೇ ತಾನು ಬೈದುಕೊಳ್ಳುತ್ತಿದ್ದ. ಎಚ್ಚರಿಕೆಗೆ ಗಂಟೆಯ ಸದ್ದು ಸೇರಿಸಿ, ಅವನ ಪೆಟ್ಟಿಗೆ ಅದನ್ನು ಓದಿ ಹೇಳುವಂತೆ ಮಾಡಿದಳು. ಕೆಲಸವೇನೋ ಸಣ್ಣದು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂಬುದೇ ದೊಡ್ಡದಾಗಿ ಕಾಡಿತು.

ಅಷ್ಟರಲ್ಲಿ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಬಂತು. ಅದರಿಂದ ಶುರುಮಾಡಿದರೆ ಎಲ್ಲ ಸರಿ, ಟೈಪಿಸ್ಟನ ಪೆಟ್ಟಿಗೆ ಮಾತ್ರ ಮೂಕ. ಅವಳು ಮತ್ತೆ ನಿಲ್ಲಿಸಿ ಎಬ್ಬಿಸಿದಳು. ಒಳಗೇ ಉಳಿದಿದ್ದ ಹಳೆಯ ಆವೃತ್ತಿಯಿಂದಲೋ ಹೊಸದರಿಂದಲೋ ಶುರುವಾಗಬೇಕೆಂದು ಕೇಳುವ ಬೂಟ್ ಮೆನು ಕಣ್ಣುಮಿಟುಕಿಸುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ. ಅಷ್ಟರೊಳಗೆ ಹಳೆಯದನ್ನು ಆರಿಸಿದಳು. ಪೆಟ್ಟಿಗೆಗೆ ಮಾತು ಬಂತು. ಮುಂದೆಯೂ ಹಳೆಯದರಿಂದಲೇ ಏಳುವಂತೆ ಹೊಂದಿಸಿದಳು.

ಮೇಲಧಿಕಾರಿ ಹುಬ್ಬು ಗಂಟಿಕ್ಕಿದ. “ಒಬ್ಬರಿಗೋಸ್ಕರ ಇಡೀ ಆಸ್ಪತ್ರೆ ಹಿಂದೆ ಉಳೀಬೇಕಾ ಮೇಡಂ? ಹಳೇದಕ್ಕೆ ವೈರಸ್ಸಿನ ಅಪಾಯ ಇರುತ್ತೆ.”

“ಇರುತ್ತೆ ಸಾರ್, ಇಲ್ಲ ಅನ್ನಲ್ಲ. ಹೊಸದು ಮಾತು ಕಲಿಯೋವರೆಗೆ ಸಾಕು. ಕಾವಲು ನಾನಿರ್ತೀನಿ.”

ಅವಳು ಅಷ್ಟು ಮಾತಾಡಿದ್ದೇ ಅಪರೂಪ. ಅವನು ಒಪ್ಪಿದ. ಹೊಸ ಆವೃತ್ತಿಯ ತಯಾರಕರ ಬೆನ್ನುಬಿದ್ದು ಕೇಳಿ ಕೇಳಿ, ಕೊನೆಗೊಂದು ತಿದ್ದುಪಡಿ ತರಿಸಿಕೊಂಡಳು. ಹೊಸದರಿಂದ ಯಂತ್ರ ಎಬ್ಬಿಸಿ, ಮೇಲಕ್ಕೆ ಫೋನ್ ಮಾಡಿದಳು.

“ಕೇಳಿಸ್ತಿದೆಯಾ?”

“ಕೇಳಿಸ್ತಿದೆ ಕಣಮ್ಮಾ,” ಎಂದ ಟೈಪಿಸ್ಟ್. “ನೆಗಡಿ ಆದವನ ಹಾಗೆ ಮಾತಾಡುತ್ತೆ. ಇರಲಿ ಬಿಡು, ಹೊಂದ್ಕೊಂಡು ಹೋಗ್ತೀನಿ.”